ಮೀನ ಬಿಡೂ ಹೊತ್ತು

ನಾ ಅಕ್ಕಲಕೋಟದ ಕಡಿ ಒಂದ ಹಳ್ಳಿಗೆ ಸೊಸಿಯಾಗಿ ಬಂದಾಗ ಇನ್ನೂ ಬಿಳಿ ಸಾಹೇಬರ ಕಾಲ. ಅಕ್ಕಲಕೋಟದಾಗ ರಾಜರಿದ್ರು, ನಮ್ಮ ಮನ್ಯಾಗ ಅತ್ತಿ ಇದ್ಲು. ಗಂಡ ಹೆಂಡ್ತಿ ಹಗಲ ಹೊತ್ತಿನ್ಯಾಗ ಮಾತಾಡಿದ್ರ ಮನಿ ಮರ್ಯಾದಿ ಹೋಗ್ತಿತ್ತಂತ. ರಾತ್ರಿ ಅವರು ಕಟ್ಟಿ ಮ್ಯಾಲ ಗಂಡಸರ ಸಾಲಿನ್ಯಾಗ, ನಾ ಒಳಗ ಅತ್ತಿ ಬಗಲಾಗ. ಮನಿ ತುಂಬ ಮಂದಿ, ನನ್ನ ಕೂಡ ಮಾತಾಡಾವ್ರು ಯಾರೂ ಇಲ್ಲ.

ನಮ್ಮ ಮನಿಯವ್ರಿಗೆ ಮೀನ ಹಿಡಿಯೂ ಹುಚ್ಚ. ಲಿಂಗಾ ಕಟ್ಟಿದ ಮನ್ಯಾಗ ಮೀನ, ಶಿವನ! ಹೊಳಿಗೆ ಕಟ್ಟಿದ ಒಡ್ಡ ನೋಡಾಕ ಬರ್ತಿದ್ದ ಒಬ್ಬ ಸಾಹೇಬನ ಕಡಿಂದ ಕಲತಿದ್ರು. ಎರಿಹುಳಾ ಚುಚ್ಚೂದಿಲ್ಲ, ಗಿಳಿ ಗರಿಗೆ ಸೊಲ್ಲಾಪುರದ ರೇಷ್ಮಿ ಎಳಿ ಸುತ್ತಿ, ನೊಣದ ಹಂಗ ಮಾಡಿ, ಗಾಳದ ಕೊಕ್ಕಿಗೆ ಕಟ್ಟಿ ನೀರ ಮ್ಯಾಲ ಎಸಿಯೂದು. ಹಿಡದದ್ದನ್ನ ಮತ್ತ ನೀರಿಗೇ ಬಿಡೂದು. ಅತ್ತಿ ಒಪ್ಪಿದ್ದು ಒಂದ ಮಾತಿನ ಮ್ಯಾಲ: "ಒಂದರ ಮೀನ ನಿನ್ನ ಕೈಲೆ ಸತ್ತಿತೋ, ಆ ಕೋಲ ಒಲಿಗೆ ಹಾಕ್ತೀನಿ ನೋಡ."

ಮಧ್ಯಾಹ್ನ ಅತ್ತಿ ಕಣ್ಣ ಮುಚ್ಚಿದ ಕೂಡ್ಲೆ ನಾ ಅರಿಬಿ ಗಂಟ ಹೊತ್ತ ಹೊಳಿಗೆ ಹೋಗ್ತಿದ್ದೆ. ಅವರು ಮ್ಯಾಲಿನ ಮಡುವಿನ್ಯಾಗ, ಮೊಣಕಾಲ ಮಟಾ ನೀರಾಗ. ನಾ ಸ್ವಲ್ಪ ಕೆಳಗ, ಒಗಿಯೂ ಕಲ್ಲಿನ ಮ್ಯಾಲ. ಮಾರಿ ನೋಡದ ಮಾತಾಡ್ತಿದ್ವಿ.

"ಇವತ್ತ ಪಲ್ಯಾಕ್ಕ ಉಪ್ಪ ಭಾಳ ಆಗಿತ್ತಲ್ಲ" ಅನ್ನಾವ್ರು.

"ಹಾಕಿದ್ದು ನಾ ಅಲ್ರಿ, ನಿಮ್ಮವ್ವ."

ನಗ್ತಿದ್ರು. ಆ ನಗಿ ಮನ್ಯಾಗ ನಾ ಒಂದ ದಿನಾನೂ ಕೇಳಿಲ್ಲ. ಕೈಯಾಗ ಗಾಳದ ಕೋಲ ಇತ್ತಂತ ಊರ ಮಂದಿ ಸುಮ್ಮನಿದ್ರು. ಬರಿಗೈಲೆ ಗಂಡಸ ಅಲ್ಲಿ ನಿಂತಿದ್ರ ಊರ ಬಾಯಿ ಮುಚ್ಚಾಕ ಆಗ್ತಿತ್ತೇನ?

ಒಂದ ವರ್ಷ ವೈಶಾಖದಾಗ ಒಡ್ಡಿನ ಬಾಗಲಾ ಹಾಕಿದ್ರು. ಬಾಗಲಾ ತಗದಿದ್ರ ಒಡ್ಡಿನ ತಳದ ತಣ್ಣನ ನೀರ ಬರ್ತಿತ್ತು. ಹಾಕಿದ ಮ್ಯಾಲ ಹೊಳಿ ಸಣ್ಣಾಗಿ, ಮಧ್ಯಾಹ್ನಕ್ಕ ಜಳಕಕ್ಕ ಕಾಸಿದಂಗ ಆತು. ಅವರು ಮೀನ ಬಿಡೂದು, ಅದು ಬಾಲಾ ಬಡದು ಹೋಗೂದು ನಾ ದಿನಾ ನೋಡ್ತಿದ್ದೆ. ಅವತ್ತ ಬಿಟ್ಟ ಸ್ವಲ್ಪ ಹೊತ್ತಿಗೆ ಒಂದ ಮೀನ ಹೊಟ್ಟಿ ಮ್ಯಾಲ ಮಾಡಿ ನನ್ನ ಕಲ್ಲಿಗೆ ಬಂದ ಬಡೀತು. ತುಟ್ಯಾಗ ಕೊಕ್ಕಿಯ ಗಾಯ. ಹಿಂದ ಮತ್ತೊಂದ ಬಂತು.

ಕಾಣದಂಗ ನೀರಿಗೆ ತಳ್ಳಿಬಿಡಬಹುದಿತ್ತು. ಯಾರಿಗಿ ಗೊತ್ತಾಗ್ತಿತ್ತು? ಆದ್ರ ಅವರು ಇರವಿ ತುಳದ್ರೂ ಮರಗೂ ಮನಷ್ಯಾ. "ರೀ, ಇಲ್ಲಿ ಬರ್ರಿ" ಅಂದೆ. ಬಂದ್ರು. ಮೀನ ಅಂಗೈಯಾಗ ಹಿಡದು ತುಟಿ ಗಾಯಾ ನೋಡಿದ್ರು.

"ಬ್ಯಾಸಗ್ಯಾಗ ಸಾಹೇಬ ಹೊತ್ತ ಏರೂದರಾಗ ಮನಿಗೆ ಹೋಗ್ತಿದ್ದ" ಅಂದ್ರು. "ಬಿಸಲಿಗೆ ಅಂಜತಾನ ಅಂತ ನಾ ನಕ್ಕಿದ್ದೆ. ಬಿಸಿನೀರಾಗ ದಣದ ಮೀನ ಬಿಟ್ರೂ ಬದಕೂದಿಲ್ಲ ಅಂತ ಈಗ ತಿಳೀತು."

"ಹಂಗಾದ್ರ ನೀವೂ ನಸಿಕಿನ್ಯಾಗ ಬರ್ರಿ."

"ನಸಿಕಿನ್ಯಾಗ ನೀ ಎಲ್ಲಿರ್ತಿ?"

ಲಗ್ನ ಆದ ಮ್ಯಾಲ ಅವರು ನನಗ ಅಂದ ಅಗದಿ ದೊಡ್ಡ ಮಾತ ಅದು. ನಸಿಕಿನ್ಯಾಗ ನಾ ಅತ್ತಿ ಎದುರಿಗೆ ಕುಂತ ಜ್ವಾಳಾ ಬೀಸಬೇಕು, ಅದು ಇಬ್ಬರಿಗೂ ಗೊತ್ತಿತ್ತು.

"ಮೀನಿನ ಜೀವಾ ತಗದು ನಮ್ಮ ಮಾತ ಬ್ಯಾಡ್ರಿ. ನಸಿಕಿನ್ಯಾಗ ಹೋಗ್ರಿ" ಅಂದೆ. ಬೆಂಕಿ ಹತ್ತಲಿ ನನ್ನ ಶಾಣ್ಯಾತನಕ್ಕ!

ಮರುದಿನದಿಂದ ಅವರು ಹಂಗ ಮಾಡಿದ್ರು. ಮೀನ ಸಾಯೂದು ನಿಂತಿತು, ಅತ್ತಿಗೆ ಏನೂ ಗೊತ್ತಾಗಲಿಲ್ಲ. ಮಧ್ಯಾಹ್ನ ನಾ ಒಬ್ಬಾಕಿನ ಅರಿಬಿ ಒಗದೆ. ಮಳಿಗಾಲ ಬಂದು ಅವರು ಹೊಲದ ಕೆಲಸಕ್ಕ ಬಿದ್ರು. ಮುಂದಿನ ಬ್ಯಾಸಗಿಗೂ ನಸಿಕಿನ ರೂಢಿನ ಉಳೀತು.

ನಸಿಕಿನ್ಯಾಗ ಹೊಂಟಾಗ ಬಾಗಲಾಗ ಒಮ್ಮೆ ಕೆಮ್ಮತಿದ್ರು, ನನಗ ಕೇಳಲಿ ಅಂತ. ನಾ ಬೀಸೂ ಕಲ್ಲ ತಿರವೂದು ನಿಲ್ಲಿಸಿ ಅವರ ಹೆಜ್ಜಿ ಸಪ್ಪಳಾ ಕೇಳತಿದ್ದೆ.

"ಯಾಕ ನಿಲ್ಲಿಸಿದಿ? ಬೀಸು" ಅನ್ನಾಕಿ ಅತ್ತಿ.