ಮುಳ್ಳಕ್ಕ ತುಂಬಿದ ಫಾರಂ

ಇಪ್ಪತ್ತೆರಡು ವರ್ಷ ಪ್ರೆಶರ್ ಗೇಜುಗಳ ಮುಳ್ಳನ್ನೇ ದಿಟ್ಟಿಸಿದವಳಿಗೆ ವರ್ಕ್‌ಶಾಪಿನವರು ಮುಳ್ಳಕ್ಕ ಎಂದಲ್ಲದೆ ಇನ್ನೇನು ಹೆಸರಿಟ್ಟಾರು? ಪರೀಕ್ಷೆ ಮುಗಿದು ಅವಳ ಮೇಜಿನಿಂದ ಹೊರಬೀಳುವ ಪ್ರತಿ ಗೇಜಿಗೂ ಒಂದು ಚೀಟಿ ಕಟ್ಟಿರುತ್ತಿತ್ತು. ಎಲ್ಲಿ ಎಷ್ಟು ಹೆಚ್ಚು ತೋರಿಸುತ್ತದೆ, ಎಲ್ಲಿ ಎಷ್ಟು ಕಡಿಮೆ, ಎಲ್ಲವೂ ಅದರಲ್ಲಿ. ತಪ್ಪೆಷ್ಟೆಂದು ಬರೆದಿಟ್ಟ ಗೇಜನ್ನು ಕಣ್ಣುಮುಚ್ಚಿ ಬಳಸಬಹುದು, ಬರೆಯದ್ದನ್ನು ಗುಜರಿಗೆ ಎಸೆಯಬೇಕು ಎಂಬುದು ಅವಳ ಹಟ. ಹಟವೆಂದರೆ ಅಂತಿಂಥ ಹಟವಲ್ಲ, ಮೇಲಧಿಕಾರಿಗಳೇ ಕೈಚೆಲ್ಲಿದ್ದರು.

ವರ್ಕ್‌ಶಾಪಿನ ಬೇಲಿಯಾಚೆ, ಕಾವಲಿರುವ ರಕ್ಷಣಾ ವಿಭಾಗದಲ್ಲಿ ಹಿರಿಯ ಪರೀಕ್ಷಕಿಯ ಹುದ್ದೆ ಖಾಲಿಯಾಯಿತು. ಅದರ ಮೇಲೆ ಅವಳಿಗೆ ಹತ್ತು ವರ್ಷದಿಂದ ಕಣ್ಣು. ಆದರೆ ಅಲ್ಲಿ ಕಾಲಿಡಲು ಸರ್ಕಾರದ ಭದ್ರತಾ ಅನುಮತಿ ಬೇಕು, ಆ ಫಾರಮ್ಮಿನಲ್ಲಿ ಹೊರದೇಶದ ನಂಟಿಗೆಂದೇ ಎರಡು ಪುಟ. ಮುಳ್ಳಕ್ಕನ ಒಬ್ಬಳೇ ತಂಗಿ ಗಡಿಯಾಚೆ ಮದುವೆಯಾಗಿ ಅಲ್ಲಿಯವಳೇ ಆಗಿಬಿಟ್ಟಿದ್ದಳು. ಪ್ರತಿ ಭಾನುವಾರ ಅಕ್ಕತಂಗಿಯರ ಫೋನು ತಪ್ಪುತ್ತಿರಲಿಲ್ಲ. ಆ ಪುಟಗಳನ್ನ ಖಾಲಿ ಬಿಡು, ಯಾರು ನೋಡ್ತಾರೆ ಎಂದು ಫೋರ್‌ಮನ್ ಕಿವಿಮಾತು ಹೇಳಿದ. ಒಳ್ಳೆಯ ಮನುಷ್ಯನೇ, ಬುದ್ಧಿ ಹೇಳುವ ಚಟ ಮಾತ್ರ ಜಾಸ್ತಿ. ಇವಳೋ, ತಂಗಿ, ಅವಳ ಗಂಡ, ಅತ್ತೆ, ಭಾನುವಾರದ ಫೋನು ಎಲ್ಲವನ್ನೂ ಬರೆದು ಕೊಟ್ಟಳು.

ಮೂರು ವಾರ ಕಳೆದು, ಚೀಟಿ ಬರೆಯುತ್ತಿದ್ದ ಕೈ ಗಕ್ಕನೆ ನಿಂತಿತು. ತಂಗಿಯ ಮೈದುನ! ಆ ದೇಶದ ಸೇನೆಯಲ್ಲಿ ಇಂಜಿನಿಯರು. ಒಂಬತ್ತು ವರ್ಷದ ಹಿಂದೆ ತಂಗಿಯ ಜೊತೆ ಬಂದು, ಇವಳ ಮನೆಯಲ್ಲಿ ಉಂಡು, ಸೋರುತ್ತಿದ್ದ ಅಡುಗೆಮನೆಯ ನಲ್ಲಿ ಸರಿಮಾಡಿ ಹೋಗಿದ್ದ. ಅವನನ್ನು ಬರೆಯುವುದೇ ಮರೆತಿತ್ತು.

ಫೋರ್‌ಮನ್ ತಲೆ ಮೇಲೆ ಕೈ ಹೊತ್ತ. "ಈಗ ಹೋಗಿ ಹೇಳಿದ್ರೆ ಇಷ್ಟು ದಿನ ಮುಚ್ಚಿಟ್ಟಿದ್ದೆ ಅಂತಾರೆ ಕಣಮ್ಮ. ಕೆಲಸ ಕೈತಪ್ಪತ್ತೆ."

"ಗೇಜಿನ ತಪ್ಪು ಬರೀತೀನಿ, ನನ್ನ ತಪ್ಪು ಬರೀಬಾರ್ದಾ ಸಾರ್?"

ಅರ್ಧ ದಿನ ರಜೆ ಹಾಕಿ ಎರಡು ಬಸ್ಸು ಬದಲಿಸಿ ಭದ್ರತಾ ಕಚೇರಿಗೆ ಹೋದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದ ಅಧಿಕಾರಿ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದಿಟ್ಟಳು.

"ನಾಳೆ ಅಲ್ಲಿಯವರು ನಿಮ್ಮ ತಂಗೀನ ಹಿಡ್ಕೊಂಡು, ಇಲ್ಲಿನ ಗುಟ್ಟು ಹೇಳು ಅಂದ್ರೆ ಏನ್ಮಾಡ್ತೀರಿ?"

ಮುಳ್ಳಕ್ಕ ತಾನೇ ಜಡೆ ಹೆಣೆದು ಸ್ಕೂಲಿಗೆ ಕಳಿಸುತ್ತಿದ್ದ ತಂಗಿ ಅದು.

"ಅಳ್ತೀನಿ ಮೇಡಂ. ಅತ್ಕೊಂಡೇ ನಿಮ್ಮ ಹತ್ರ ಬಂದು ಹೇಳ್ತೀನಿ."

ಅಧಿಕಾರಿ ಫೈಲು ತಿರುಗಿಸಿ ತೋರಿಸಿದಳು. ಮೈದುನನ ಹೆಸರು ಅಲ್ಲಿ ಆಗಲೇ ಟೈಪಾಗಿತ್ತು, ಅವನು ಬಂದ ತಾರೀಕಿನ ಸಮೇತ. ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ಅಧಿಕಾರಿ ನಿಧಾನವಾಗಿ ಬರೆದಳು: ತಾನಾಗಿ ಬಂದು ತಿಳಿಸಿದ್ದಾರೆ.

ಎರಡು ತಿಂಗಳಿಗೆ ಅನುಮತಿ ಬಂತು, ಒಂದು ಷರತ್ತಿನೊಂದಿಗೆ. ತಂಗಿಯೊಡನೆ ಆಡುವ ಪ್ರತಿ ಮಾತುಕತೆಯನ್ನೂ ವರದಿ ಮಾಡಬೇಕು. ಆ ಭಾನುವಾರ ಫೋನೆತ್ತಿದವಳೇ ಮೊದಲು ಅದನ್ನು ತಂಗಿಗೆ ಹೇಳಿಬಿಟ್ಟಳು. ಆ ಕಡೆಯಿಂದ ತಂಗಿ ನಕ್ಕಳು.

"ಹಾಗಾದ್ರೆ ನಾನು ಚೆನ್ನಾಗಿದೀನಿ ಅಂತಾನೂ ಬರಿ ಅಕ್ಕ."

ಸೋಮವಾರ ಮುಳ್ಳಕ್ಕ ಅದನ್ನೂ ಬರೆದಳು.