ಕಣ್ಣು ಬರೆಯದ ಸೈನ್ಯ

ಬೆಳಗಿನ ಆರು ಗಂಟೆಗೇ ವಿಲ್ಫ್ ಹ್ಯಾಲಮ್ ಅಡುಗೆಮನೆಯ ತೊಟ್ಟಿಯಲ್ಲಿ ಸಿಪಾಯಿಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಸವೆದ ಹಲ್ಲುಜ್ಜುವ ಬ್ರಶ್ಶು, ಪಾತ್ರೆ ತೊಳೆಯುವ ಸೋಪು, ಹೆಬ್ಬೆರಳಿನುದ್ದವೂ ಇಲ್ಲದ ತವರದ ಆಳುಗಳು. ಅಚ್ಚಿನ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ.

"ಅತ್ತ ಸರಿಯೋ. ಕೆಟಲ್ ತುಂಬಬೇಕು. ನಿನ್ನ ಸೈನ್ಯ ಆಮೇಲೆ, ನನ್ನ ಟೀ ಮೊದಲು," ಎನ್ನುತ್ತಾರೆ ಹೆಂಡತಿ ಬೆರಿಲ್.

"ಆಯ್ತು ಕಣೇ ಬಾತೇ."

ಇಂಗ್ಲೆಂಡಿನ ಈ ಲಾಂಗ್ ಈಟನ್ ಊರಿನಲ್ಲಿ ಅಕ್ಕರೆ ಬಂದರೆ ಹೆಂಡತಿಯೂ ಬಾತುಕೋಳಿ, ಬಸ್ಸಿನ ಡ್ರೈವರನೂ ಬಾತುಕೋಳಿ. ವಿಲ್ಫ್ ಸರಿದು ನಿಂತು ಸಿಳ್ಳೆ ಹಾಕುತ್ತಾರೆ. ಕ್ರಿಸ್ಮಸ್ಸಿನಿಂದೀಚೆಗೆ ಈ ಮನೆಯಲ್ಲಿ ಸಿಳ್ಳೆ ಕೇಳಿರಲಿಲ್ಲ.

ಲೇಸ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಕೈ ಇವರದು. ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಊರಿನ ಕ್ಲಬ್ಬಿಗೆ ಸೈನ್ಯ ಕಟ್ಟಿಕೊಡುವವರು, ಬಣ್ಣ ಬಳಿಯುವವರು ಇವರೇ. ಪ್ರದರ್ಶನದ ದಿನ ಜನ ಕಾರ್ಯದರ್ಶಿ ಡೆನ್ಜಿಲ್‌ನ ಕೈ ಕುಲುಕಿ ಹೊಗಳುತ್ತಾರೆ. ಆ ಹೊತ್ತಿಗೆ ವಿಲ್ಫ್ ಮೇಜಿನ ಕೆಳಗೆ ಮೊಣಕಾಲೂರಿ, ಬಿದ್ದುಹೋದ ಈಟಿ ಹುಡುಕುತ್ತಿರುತ್ತಾರೆ.

ಈ ಸಲ ಕ್ಲಬ್ಬು ಹಿಡಿದಿರುವುದು ನ್ಯೂಆರ್ಕ್ ಮುತ್ತಿಗೆ, ಹದಿನೇಳನೇ ಶತಮಾನದ ಅಂತರ್ಯುದ್ಧದಲ್ಲಿ ಸ್ಕಾಟರೂ ಬಂದು ಇಂಗ್ಲಿಷ್ ಕೋಟೆಯೊಂದನ್ನು ಸುತ್ತುವರಿದ ಕಥೆ. ಅದಕ್ಕೆ ಸ್ಕಾಟರ ದೊಡ್ಡ ಕಾಲಾಳು ಪಡೆ ಬೇಕು. ಯಾರ ಹತ್ತಿರ ಕೊಳ್ಳುವುದು ಎಂಬ ತೀರ್ಮಾನವನ್ನು ವಿಲ್ಫ್ ತಲೆಗೇ ಕಟ್ಟಿದರು. ಇಬ್ಬರಿದ್ದರು. ಒಬ್ಬರು ಹಳೆಯ ಗೆಳೆಯ ಕ್ಲೆಮ್ ಟಾಪ್ಲಿಸ್, ತಮ್ಮ ಶೆಡ್ಡಿನಲ್ಲೇ ತವರ ಕರಗಿಸಿ ಅಚ್ಚಿಗೆ ಹೊಯ್ಯುವವರು. ಇನ್ನೊಂದು ಹೊಸ ಕಂಪನಿ. ಆಳಿನ ಎತ್ತರ ಇಪ್ಪತ್ತೆಂಟು ಮಿಲಿಮೀಟರ್ ಎಂದೇ ಇಬ್ಬರೂ ಹೇಳುತ್ತಾರೆ. ಆದರೆ ಕ್ಲೆಮ್ ಅಳೆಯುವುದು ಪಾದದಿಂದ ನೆತ್ತಿಯವರೆಗೆ, ಕಂಪನಿಯವರು ಪಾದದಿಂದ ಕಣ್ಣಿನವರೆಗೆ; ಹಾಗಾಗಿ ಕಂಪನಿಯ ಆಳೇ ದೊಡ್ಡವನು. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅಪ್ಪ ಮಕ್ಕಳು ಮೆರವಣಿಗೆ ಹೊರಟಂತೆ ಕಾಣುತ್ತದೆ.

"ಕ್ಲೆಮ್‌ನ ಆಳು ನಿಜವಾದ ಮನುಷ್ಯನ ಹಾಗಿರ್ತಾನೆ. ಕಂಪನಿಯವನಿಗೆ ಆಲೂಗಡ್ಡೆ ಕೈ, ಕುಂಬಳಕಾಯಿ ತಲೆ," ಎನ್ನುತ್ತಾರೆ ವಿಲ್ಫ್. "ಆದ್ರೆ ಕುಂಬಳಕಾಯಿಗೆ ಕಣ್ಣು ಬರೀಬಹುದು. ಕ್ಲೆಮ್‌ನವನ ಮುಖ ಹುಡುಕೋದೇ ನಂಗೀಗ ಕಷ್ಟ."

ಹೋದ ವರ್ಷದಿಂದ ಅವರ ಬಲಗಣ್ಣಿಗೆ ಮಂಜು. ಸರಿಹೋಗುವುದಿಲ್ಲ ಎಂದಿದ್ದಾರೆ ವೈದ್ಯರು. ಅತ್ತ ಕ್ಲೆಮ್‌ಗೆ ಕಿವಿ ಮಂದ, ಫೋನ್ ಎತ್ತುವುದಿಲ್ಲ, ಎಲ್ಲ ವ್ಯವಹಾರವೂ ಅಂಚೆಯಲ್ಲೇ. ಕ್ರಿಸ್ಮಸ್ ಶುಭಾಶಯದ ಕೆಳಗೆ ಒಂದೇ ಸಾಲು ಗೀಚಿದ್ದರು: ನಿಮ್ಮ ಕ್ಲಬ್ಬಿಗೆ ಬೇಡವಾದರೆ ವಸಂತ ಕಳೆದ ಮೇಲೆ ಒಲೆ ಆರಿಸುತ್ತೇನೆ, ಮುಲಾಜಿಲ್ಲದೆ ಹೇಳು.

ಬೇಡ ಎಂದು ವಿಲ್ಫ್ ಬರೆದೂ ಆಗಿತ್ತು. ಆ ಕಾಗದ ಟೀ ಡಬ್ಬಿಯ ಹಿಂದೆಯೇ ಉಳಿಯಿತು.

"ದಿನಾ ಟೀ ಸೊಪ್ಪು ತೆಗೆಯುವಾಗ ಅದು ನನ್ನೇ ನೋಡೋದು," ಎನ್ನುತ್ತಾರೆ ಬೆರಿಲ್. "ಹಾಕು, ಇಲ್ಲ ಹರಿ ಅಂದೆ. ಎರಡೂ ಮಾಡ್ಲಿಲ್ಲ ಮಹರಾಯ."

ಗಂಟು ಬಿಚ್ಚಿದ್ದು ನಿನ್ನೆ, ಕ್ಲಬ್ಬಿನಲ್ಲಿ. ಪುದೀನ ಗೊಜ್ಜು ಹಾಕಿದ ಬಟಾಣಿಯ ಪಾತ್ರೆಯ ಜೊತೆಗೆ, ವಿಲ್ಫ್ ಬಣ್ಣ ಬಳಿಯುತ್ತ ಅರ್ಧಕ್ಕೆ ಬಿಟ್ಟಿದ್ದ ಕ್ಲೆಮ್‌ನ ಮಾದರಿ ಆಳುಗಳ ಸಾಲನ್ನೂ ಬೆರಿಲ್ ಬುಟ್ಟಿಯಲ್ಲಿಟ್ಟುಕೊಂಡು ಹೋಗಿದ್ದರು. ಬೂದು ಕೋಟು, ಅಗಲವಾದ ನೀಲಿ ಟೊಪ್ಪಿಗೆ, ಅದರಡಿ ಮುಖಕ್ಕೆ ಕಂದು ಬಣ್ಣದ ತೆಳು ನೀರು, ಅಷ್ಟೇ. ಯಾರಿಗೂ ಹೇಳದೆ ಮೇಜಿನ ನಡುವೆ ನಿಲ್ಲಿಸಿದರು.

ಡೆನ್ಜಿಲ್ ಬಗ್ಗಿ ನೋಡಿದ. "ಅಬ್ಬಾ ವಿಲ್ಫ್! ಏನು ಕಣ್ಣು ಬರ್ದಿದೀಯಾ! ನಾನೇನೋ ಇವರ ಗಂಜಿ ಕದ್ದ ಹಾಗೆ ದುರುಗುಟ್ಟಿ ನೋಡ್ತಾರಲ್ಲ!"

ಬೆರಿಲ್‌ಗೆ ನಗು ತಡೆಯಲಾಗಲಿಲ್ಲ. "ಎಲ್ಲಿ ಕಣ್ಣು? ಅವನು ಕಣ್ಣೇ ಬರೆದಿಲ್ಲ. ಟೊಪ್ಪಿಗೆ ನೆರಳು ಕಣಪ್ಪಾ ಅದು. ರಸ್ತೆ ಆಚೆ ನಿಂತ ಹಾಲಿನವನ ಕಣ್ಣುಗುಡ್ಡೆ ಕಾಣತ್ತೇನೋ ನಿಂಗೆ?"

ವಿಲ್ಫ್ ಕುರ್ಚಿ ಎಳೆದುಕೊಂಡು ಕೂತರು. ಜೀವಮಾನವೆಲ್ಲ ಉಸಿರು ಬಿಗಿಹಿಡಿದು ಒಬ್ಬೊಬ್ಬ ಸಿಪಾಯಿಗೂ ಬರೆದ ಕಣ್ಣುಗಳನ್ನು ಮೇಜಿನಾಚೆಯಿಂದ ಯಾರೂ ಕಂಡೇ ಇರಲಿಲ್ಲ.

"ಅಳಬೇಕಿತ್ತು ನೋಡಿ. ನಗು ಬಂತು," ಎನ್ನುತ್ತಾರೆ.

ಇನ್ನು ಕಣ್ಣು ಬರೆಯಲೇಬೇಕೆಂದಿಲ್ಲ; ಅಲ್ಲೇ ತೀರ್ಮಾನವಾಯಿತು. ಸ್ಕಾಟರೆಲ್ಲ ಕ್ಲೆಮ್‌ನ ಒಲೆಯಿಂದ, ಕೋಟೆಯೊಳಗಿನ ಇಂಗ್ಲಿಷರು ಕಂಪನಿಯಿಂದ. ಒಂದೇ ಸಾಲಿನಲ್ಲಿ ಬೆರೆಸದಿದ್ದರಾಯಿತು. "ಸ್ಕಾಟರು ಓಟ್ಸ್ ಗಂಜಿ ಕುಡಿದವರು, ನಮ್ಮವರು ದನದ ಮಾಂಸ ತಿಂದವರು. ಗಾತ್ರ ಸರಿಯಾಗೇ ಇದೆ," ಎಂದು ಡೆನ್ಜಿಲ್ ಬಟಾಣಿ ಬಡಿಸಿಕೊಂಡ.

ಟೀ ಮುಗಿದಿದೆ. ಹಳೆಯ ಕಾಗದ ಚೂರಾಗಿ ಕಸದ ಬುಟ್ಟಿ ಸೇರಿದೆ. ಸ್ಕಾಟರನ್ನು ಹೊಯ್ಯಲು ಕ್ಲೆಮ್‌ಗೆ ಹೇಳುವ ಹೊಸದನ್ನು ಹಿಡಿದು ಗಂಡ ಹೆಂಡತಿ ಬೀದಿ ಮೂಲೆಯ ಕೆಂಪು ಅಂಚೆ ಪೆಟ್ಟಿಗೆಯವರೆಗೆ ನಡೆಯುತ್ತಾರೆ. ವಿಲ್ಫ್ ಲಕೋಟೆಯನ್ನು ಅರ್ಧ ತೂರಿಸಿ ನಿಲ್ಲುತ್ತಾರೆ.

"ಕಣ್ಣು ಬರೆಯೋದಿಲ್ಲ ಅಂತ ಅವನಿಗೆ ತಿಳಿಸಬೇಕಿತ್ತಾ? ಅಷ್ಟು ಚೆಂದ ಕೆತ್ತಿದಾನೆ. ನೋಡಿದ್ರೆ ಬಯ್ತಾನೆ."

"ಬಯ್ಲಿ ಬಿಡೋ ಬಾತೇ. ಬಯ್ಯೋ ಹೊತ್ತಿಗೆ ಒಲೆಯಂತೂ ಉರೀತಿರತ್ತಲ್ಲ."

ವಿಲ್ಫ್ ಬೆರಳು ಸಡಿಲಿಸುತ್ತಾರೆ. ಪೆಟ್ಟಿಗೆಯ ತಳಕ್ಕೆ ಕಾಗದ ಬಿದ್ದ ಸದ್ದು ಇಬ್ಬರಿಗೂ ಕೇಳಿಸುತ್ತದೆ.