ಹೊಸ್ತಿಲು ನೋಡದೆ ದಾಟಿದವನು

ಮೊನ್ನೆ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ನೀವಿಬ್ಬರೂ ಪಡಸಾಲೆಯಲ್ಲಿ ಕೂತು ನಿಮ್ಮ ದಪ್ಪ ಪುಸ್ತಕದಲ್ಲಿ ಬರುವ ಮುಖವಾಡದ ದುಷ್ಟ ಯಾರಿರಬಹುದೆಂದು ಜಗಳವಾಡುತ್ತಿದ್ದಿರಿ. "ಅಜ್ಜಿ, ನೀ ಹೇಳು, ಆಂವ ಯಾರಿರಬೇಕು?" ಅಂದಿರಿ. ನನಗೇನು ಗೊತ್ತು ಎಂದು ನಕ್ಕು ಒಳಗೆ ಬಂದೆ. ಆದರೆ ಹುರಿದ ಶೇಂಗಾದ ವಾಸನೆಯೂ ಆ ಪ್ರಶ್ನೆಯೂ ಒಟ್ಟಿಗೆ ಬಂದು ನನ್ನನ್ನು ಎಲ್ಲಿಗೋ ಎಳೆದೊಯ್ದವು... ಒಂದಿಷ್ಟು ಕಾಳು ಕರಕಲಾದವು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಇದೇ ನಗರದ ನಾಚಾರಂ ಬಡಾವಣೆಯಲ್ಲಿದ್ದೆವು. ನಿಮ್ಮ ಅಜ್ಜ ಅಲ್ಲೇ ಕಾರ್ಖಾನೆಗೆ ಹೋಗುತ್ತಿದ್ದರು. ಬಾಡಿಗೆ ಮನೆಗಳ ಒಂದು ಸಾಲು. ಮಳೆಗಾಲದಲ್ಲಿ ಮೋರಿಯ ನೀರು ಒಳಗೆ ನುಗ್ಗದಿರಲೆಂದು ಮಾಲೀಕ ಪ್ರತಿ ಬಾಗಿಲಿಗೂ ಗೇಣೆತ್ತರದ ಸಿಮೆಂಟಿನ ಹೊಸ್ತಿಲು ಕಟ್ಟಿಸಿದ್ದ. ಹೊಸಬರು ಕೆಳಗೆ ನೋಡದೆ ಬಂದರೆ ಎಡವಿದರೆಂದೇ ಲೆಕ್ಕ. ಮನೆಯವರ ಕಾಲು ಮಾತ್ರ ತಾನಾಗಿಯೇ ಏಳುತ್ತಿತ್ತು.

ಮೂಲೆಮನೆಯಲ್ಲಿ ವೈನಿ ಇದ್ದರು. ವೈನಿ ಎಂದರೆ ಅತ್ತಿಗೆ; ನಮಗೇನೂ ನೆಂಟರಲ್ಲ, ಸಾಲಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಇಲ್ಲೇ ತೆಲುಗು ಶಾಲೆಯಲ್ಲಿ ಕಲಿತವರು, ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಿಮ್ಮ ಅಜ್ಜ ಕಾಚಿಗುಡಾ ಸ್ಟೇಷನ್ನಿನಿಂದ ಕನ್ನಡ ವಾರಪತ್ರಿಕೆ ತಂದರೆ, ಮಧ್ಯಾಹ್ನ ನಮ್ಮ ಮನೆಯಲ್ಲಿ ಓದು. ವೈನಿ ಮತ್ತು ಪಕ್ಕದ ಮನೆಯ ಬೀದರದ ಅಕ್ಕ ಶೇಂಗಾ ಸುಲಿಯುತ್ತಿದ್ದರು, ನಾನು ಧಾರಾವಾಹಿ ಓದುತ್ತಿದ್ದೆ. ಊರ ಶಾಲೆಯಲ್ಲಿ ಕಲಿತ ನನ್ನ ದನಿ ಎತ್ತರಕ್ಕೇರುತ್ತಿದ್ದುದು ಆಗ ಮಾತ್ರ. ಕಥೆಯಲ್ಲಿ ಒಂದು ರಾಜ್ಯ, ಅದರ ಊರುಗಳನ್ನು ಸುಡುವ ಒಬ್ಬ ಕರಿಮುಸುಕಿನ ಮಾಂತ್ರಿಕ. ಅವನ ಮುಖ ಕಂಡವರಿಲ್ಲ.

"ಮಂತ್ರಿನ ಆಂವ," ಎನ್ನುತ್ತಿದ್ದಳು ಅಕ್ಕ. "ಎಷ್ಟ ಮಿಠಾ ಮಾತಾಡ್ತಾನ ನೋಡ್ರಿ. ಅಂಥಾವರನ್ನ ನಂಬಬಾರದು."

"ಅಲ್ಲ, ರಾಣಿ ಹಿರೇಮಗ," ಎಂದರು ವೈನಿ.

"ಅಯ್ಯ, ಸಣ್ಣಾಂವ ಇದ್ದಾಗನ ಹೊಳ್ಯಾಗ ಹೋದ ಅಂತ ಬರದಾರಲ್ರಿ! ಸತ್ತಾಂವನ್ನ ಎಬ್ಬಸ್ತೀರೇನು?"

"ಹೆಣಾ ಸಿಕ್ಕಿತ್ತೇನ? ಹೋದ ವಾರ ಮುಸುಕಿನಾಂವ ಕತ್ತಲಾಗ ಅರಮನಿ ಅಡಗಿಮನಿಗೆ ಬಂದ. ದೀಪ ಇದ್ದಿಲ್ಲ. ಎತ್ತರ ಹೊಸ್ತಿಲಾ, ಸೀದಾ ದಾಟಿದ. ಎಡವಿದನೇನ? ಆ ಮನ್ಯಾಗ ಬೆಳದಾಂವನ ಆಂವ."

"ನಿಮ್ಮನ್ನ ಪೊಲೀಸರಿಗೆ ಕೊಡಬೇಕ್ರಿ ವೈನಿ, ಊರ ಕಳ್ಳರೆಲ್ಲಾ ಸಿಗ್ತಾರ!" ಅಕ್ಕ ಸಿಪ್ಪೆ ಹಾರುವಂತೆ ನಕ್ಕಳು. ನಾನು ನಗಲಿಲ್ಲ. ನನಗೆ ವೈನಿಯ ಮಗನ ವಿಷಯ ಗೊತ್ತಿತ್ತು.

ಅವನನ್ನು ವೈನಿಯ ಯಜಮಾನರು ತಾವು ದುಡಿಯುತ್ತಿದ್ದ ಕಾರ್ಖಾನೆಯಲ್ಲೇ ಕೆಲಸ ಕಲಿಯಲು ಸೇರಿಸಿದ್ದರು. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ದಿನಗಳವು. ಕಂಪ್ಯೂಟರ್ ಕಂಪನಿಯವರನ್ನು ಮನೆಯಿಂದ ಕರೆತಂದು ಬಿಡಲು ಕಾರುಗಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಅವನು ಕಾರ್ಖಾನೆ ಬಿಟ್ಟು ಡ್ರೈವರನಾಗಿ ಕಾರು ಹತ್ತಿದ. ಯಜಮಾನರು ಓಣಿಯಲ್ಲಿ ಎಲ್ಲರೆದುರು ಕೆನ್ನೆಗೆ ಹೊಡೆದರು. "ನೀ ಕರಿಯೂ ತನಕಾ ಈ ಹೊಸ್ತಿಲಾ ದಾಟಾಂಗಿಲ್ಲ," ಎಂದು ಹೋದವನು ಬರಲಿಲ್ಲ. ಇವರು ಕರೆಯಲಿಲ್ಲ. ಮೊದಮೊದಲು ಅಲ್ಲಿ ಕಂಡ, ಇಲ್ಲಿ ಕಂಡ ಎನ್ನುತ್ತಿದ್ದರು. ಆಮೇಲೆ ಸುದ್ದಿಯೇ ನಿಂತಿತು. ಆ ಮನೆಯಲ್ಲಿ ಮಗನ ಹೆಸರೆತ್ತುವಂತಿರಲಿಲ್ಲ. ಮುಸುಕಿನವನ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಮಾತಾಡಬಹುದಿತ್ತು...

ಅಕ್ಕ ಇಲ್ಲದಾಗ ಒಮ್ಮೆ ವೈನಿ ಮೆಲ್ಲಗೆ ಕೇಳಿದರು, "ಮುಸುಕ ತಗದ ಮ್ಯಾಲೆ ರಾಣಿ ಅವನ್ನ ಒಳಗ ಕರೀತಾಳಲ್ಲಾ?"

"ಇಷ್ಟೆಲ್ಲಾ ಸುಟ್ಟಾನಲ್ರಿ..." ಅಂದೆ.

"ಸುಟ್ರೇನಾತು," ಅಂದರು.

ಕೊನೆಯ ಕಂತು ಬಂತು. ಮುಸುಕು ತೆಗೆದರೆ, ಮಂತ್ರಿ. ಆ ಸಾಲು ಓದುವಾಗ ನನ್ನ ದನಿ ತಾನಾಗಿ ತಗ್ಗಿತು. ಗೆದ್ದ ಅಕ್ಕನೂ ಕುಣಿಯಲಿಲ್ಲ. "ಕತಿ ಐತ್ರಿ ವೈನಿ, ಬರೇ ಕತಿ," ಎಂದಳು. ವೈನಿ ಮಡಿಲಿನ ಸಿಪ್ಪೆ ಕೊಡವಿ ಎದ್ದರು. "ಬರದಾಂವಗ ತಿಳದಿಲ್ಲ. ಮಂತ್ರಿಗೆ ಅಡಗಿಮನಿ ಹೊಸ್ತಿಲಾ ಹೆಂಗ ಗೊತ್ತಿರ್ತೈತಿ?" ಮುಂದಿನ ವಾರ ಹೊಸ ಧಾರಾವಾಹಿ ಶುರುವಾಯಿತು. ಅವರು ಬರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ವೈನಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಆಗ ಯಜಮಾನರು ನಿಮ್ಮ ಅಜ್ಜನ ಬಳಿ ಬಂದು, "ಹುಡುಕಸ್ರಿ. ನಾನ ಕರದೀನಿ ಅಂತ ಹೇಳ್ರಿ," ಎಂದರು. ಅಜ್ಜ ಕಾರು ನಿಲ್ಲುವ ಜಾಗಗಳಲ್ಲೆಲ್ಲ ವಿಚಾರಿಸಿದರು. ಅವನನ್ನು ಬಲ್ಲವರು ಸಿಕ್ಕರು, ಅವನು ಸಿಗಲಿಲ್ಲ. ಅಷ್ಟರಲ್ಲಿ ವೈನಿ ಹೋದರು.

ಅಂದು ನಾನು ಅವರ ಮನೆಯ ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದೆ. ಮುಖ ಎತ್ತಿ ನೋಡುವ ರೂಢಿ ನನಗಿಲ್ಲ, ಕಾಲುಗಳನ್ನೇ ನೋಡುತ್ತಿದ್ದೆ. ಹೊರಗಿನಿಂದ ಬಂದ ಗಂಡಸರೆಲ್ಲ ನಿಂತು, ಕೆಳಗೆ ನೋಡಿ, ಹೊಸ್ತಿಲು ದಾಟಿದರು. ಒಬ್ಬನಾದರೂ ನೋಡದೆ ದಾಟಿಯಾನೆಂದು ಕಾದೆ... ಎಲ್ಲರೂ ನೋಡಿಯೇ ದಾಟಿದರು.

ಸಂಜೆ ಮಣ್ಣು ಮಾಡಿ ಯಜಮಾನರು ಮರಳಿದರು. ಅಷ್ಟು ವರ್ಷ ದಾಟಿದ ಹೊಸ್ತಿಲನ್ನು ಎಡವಿದರು. ಬಾಗಿಲ ಚೌಕಟ್ಟು ಹಿಡಿದು, ಓಣಿಯ ಕಡೆ ತಿರುಗಿ, "ಬಾ, ಒಳಗ ಬಾ," ಎಂದರು. ಓಣಿಯಲ್ಲಿ ಯಾರೂ ಇರಲಿಲ್ಲ.

ಈಗ ಆ ಸಾಲೇ ಇಲ್ಲ, ಅಪಾರ್ಟ್‌ಮೆಂಟ್ ಎದ್ದಿದೆಯಂತೆ. ಅಕ್ಕ ಬೀದರಕ್ಕೆ ಹೋದಳು. ನಿಮ್ಮ ಅಜ್ಜನೂ ಇಲ್ಲ. ಉಪ್ಪಲ್‌ನ ಈ ಮನೆಯಲ್ಲಿ ಹೊರಗಿನಿಂದ ಒಳಗಿನವರೆಗೆ ಒಂದೇ ಸಮನೆ ನುಣ್ಣನೆಯ ನೆಲ. ಯಾರು ಬಂದರೂ ಕಾಲೆತ್ತಬೇಕಿಲ್ಲ. ಯಾರು ಮನೆಯವರು, ಯಾರು ಹೊರಗಿನವರು ಎಂದು ಕಾಲು ನೋಡಿ ಹೇಳುವಂತಿಲ್ಲ. ವೈನಿ ಇದ್ದಿದ್ದರೆ ನಿಮ್ಮ ಜಗಳದಲ್ಲಿ ನಡುವೆ ಬಂದು ಕೂಡುತ್ತಿದ್ದರು.

ನಿಮ್ಮ ಮುಖವಾಡದವನು ಯಾರೆಂದು ನನಗೆ ನಿಜವಾಗಿ ಗೊತ್ತಿಲ್ಲ, ಮಕ್ಕಳೇ. ಆದರೆ ಅವನು ಎಲ್ಲಾದರೂ ಕತ್ತಲಲ್ಲಿ ಒಂದು ಮನೆಯೊಳಗೆ ಕಾಲಿಟ್ಟಿದ್ದರೆ, ಆ ಪುಟವನ್ನು ನನಗೊಮ್ಮೆ ಓದಿ ಹೇಳಿ. ನಿಧಾನವಾಗಿ ಓದಿ.